ತೇಲಿ ಹೋದ ಹಳದಿ ಚಪ್ಪಲಿ

ಹೂಂ ಅನ್ನುತ್ತೀರಾ? ಹೂಂ ಅಂದರೆ ಹೇಳುತ್ತೇನೆ. ನಡುವೆ ಯಾರೂ ಗೊರಕೆ ಹೊಡೆಯಬಾರದು.

ಒಂದು ಭಾನುವಾರ ಬಿಂದುವಿನ ಮನೆಯವರೆಲ್ಲ ಕೆರೆಗೆ ಹೋದರು. ಹರಿಗೋಲಿನಲ್ಲಿ ಸುತ್ತಾಡಲು ಹೋದರು. ಹರಿಗೋಲು ಗೊತ್ತಲ್ಲ? ಬುಟ್ಟಿಯ ಹಾಗೆ ದುಂಡಗಿನ ದೋಣಿ. ಅದರಲ್ಲಿ ಅಪ್ಪ ಕೂತ. ಅಮ್ಮ ಕೂತಳು. ಅಮ್ಮನ ಮಡಿಲಲ್ಲಿ ಪುಟ್ಟ ತಮ್ಮ ಗುಂಡ ಕೂತ. ಅಜ್ಜಿ ಕೂತಳು. ಅಜ್ಜ ಕೂತ. ಅಜ್ಜ ಎಲ್ಲಿ ಕೂತ? ತಗಡಿನ ತಿಂಡಿ ಡಬ್ಬಿಯ ಮೇಲೆ ಕೂತ. ಪಂಚೆ ಒದ್ದೆಯಾಗಬಾರದಲ್ಲ!

ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಬಿಂದುವಿಗೆ ಮಾತ್ರ ಹೊಸ ಚಪ್ಪಲಿ ಕೂಡ. ಹಳದಿ ಚಪ್ಪಲಿ. ಹಿಂದಿನ ದಿನ ತಂದದ್ದು. ರಾತ್ರಿ ತಲೆದಿಂಬಿನ ಪಕ್ಕ ಇಟ್ಟುಕೊಂಡೇ ಮಲಗಿದ್ದಳು.

ಅಂಬಿಗ ಜಂಬಣ್ಣ ಮೊದಲೇ ಹೇಳಿದ್ದ, ನೀರಿನ ಮೇಲೆ ಯಾರೂ ಎದ್ದು ನಿಲ್ಲಬಾರದು ಅಂತ. ಎಲ್ಲರೂ ಹೂಂ ಅಂದರು. ಅಪ್ಪ ಎಲ್ಲರಿಗಿಂತ ಜೋರಾಗಿ ಹೂಂ ಅಂದ.

ಆಮೇಲೆ ಅಪ್ಪನೇ ಎದ್ದು ನಿಂತ. ಯಾಕೆ? ಹುಟ್ಟು ಹೇಗೆ ಹಾಕಬೇಕು ಅಂತ ಜಂಬಣ್ಣನಿಗೆ ಹೇಳಿಕೊಡಲು. ಅಪ್ಪ ಹುಟ್ಟು ಮುಟ್ಟಿದವನೇ ಅಲ್ಲ, ಆದರೂ ಹೇಳಿಕೊಡಬೇಕು.

ಹರಿಗೋಲು ವಾಲಿತು. ಅಮ್ಮನ ಚೀಲ ಜಾರಿ ಅಪ್ಪನ ಜಾಗದಲ್ಲಿ ಬಂದು ಕೂತಿತು. ಬಿಂದುವಿನ ಕೈಯಲ್ಲಿ ಒಂದು ಚಪ್ಪಲಿ ಇತ್ತು. ಅದು ತೇಲುತ್ತದಾ ಅಂತ ನೋಡಲು ನೀರಿಗೆ ಮುಟ್ಟಿಸುತ್ತಿದ್ದಳು. ಚಪ್ಪಲಿ ಕೈಜಾರಿತು.

ತೇಲಿತು. ಚೆನ್ನಾಗಿಯೇ ತೇಲಿತು. ತಾವರೆ ಎಲೆಗಳ ಕಡೆಗೆ ಹೊರಟೇ ಹೋಯಿತು.

"ಜಂಬಣ್ಣ ಮಾಮ, ಜಂಬಣ್ಣ ಮಾಮ, ಹರಿಗೋಲು ತಿರುಗಿಸು. ನನ್ನ ಚಪ್ಪಲಿ ಹೋಗ್ತಿದೆ."

"ತಿರುಗಿಸಲ್ಲ ಕಣವ್ವ. ನಿಮ್ಮಪ್ಪ ನಿಂತಾನೆ. ಅಪ್ಪ ಕೂರಲಿ, ತಿರುಗಿಸ್ತೀನಿ. ಬೇಗ ಆಗ್ಲಿ. ಚಪ್ಪಲಿ ತಾವರೆ ಬಳ್ಳಿ ಒಳಗೆ ಹೊಕ್ಕರೆ ಹರಿಗೋಲು ಅಲ್ಲಿಗೆ ಹೋಗಲ್ಲ."

ಬಿಂದು ಅಪ್ಪನ ಕಡೆ ತಿರುಗಿದಳು.

"ಅಪ್ಪ, ಅಪ್ಪ, ಕೂತ್ಕೋ. ನೀನು ಕೂರಲ್ಲ, ಜಂಬಣ್ಣ ತಿರುಗಿಸಲ್ಲ, ನನ್ನ ಚಪ್ಪಲಿ ಸಿಗಲ್ಲ."

"ಎಲ್ಲಿ ಕೂರಲಿ? ನನ್ನ ಜಾಗದಲ್ಲಿ ಚೀಲ ಕೂತಿದೆ. ಅಮ್ಮ ಚೀಲ ಎತ್ತಲಿ, ಕೂರ್ತೀನಿ."

ಬಿಂದು ಅಮ್ಮನ ಕಡೆ ತಿರುಗಿದಳು.

"ಅಮ್ಮ, ಅಮ್ಮ, ಚೀಲ ಎತ್ತು. ನೀನು ಎತ್ತಲ್ಲ, ಅಪ್ಪ ಕೂರಲ್ಲ, ಜಂಬಣ್ಣ ತಿರುಗಿಸಲ್ಲ, ನನ್ನ ಚಪ್ಪಲಿ ಸಿಗಲ್ಲ."

"ಯಾವ ಕೈಯಲ್ಲಿ ಎತ್ತಲಿ? ಗುಂಡ ಮೀನಿನ ಹಾಗೆ ಒದ್ದಾಡ್ತಿದ್ದಾನೆ. ಗುಂಡ ಸುಮ್ಮನಾಗಲಿ, ಎತ್ತುತ್ತೀನಿ."

ಚಪ್ಪಲಿ ಇನ್ನಷ್ಟು ದೂರ ಹೋಯಿತು. ಬಿಂದು ಗುಂಡನ ಕಡೆ ತಿರುಗಿದಳು.

"ಗುಂಡ, ಗುಂಡ, ಸುಮ್ಮನಾಗು. ನೀನು ಸುಮ್ಮನಾಗಲ್ಲ, ಅಮ್ಮ ಎತ್ತಲ್ಲ, ಅಪ್ಪ ಕೂರಲ್ಲ, ಜಂಬಣ್ಣ ತಿರುಗಿಸಲ್ಲ, ನನ್ನ ಚಪ್ಪಲಿ ಸಿಗಲ್ಲ."

ಗುಂಡನಿಗೆ ಬರುವುದೇ ಒಂದು ಮಾತು. ಅದನ್ನೇ ಅಂದ. "ಚಕ್ಕ."

ಚಕ್ಕ ಅಂದರೆ ಚಕ್ಕುಲಿ. ಚಕ್ಕುಲಿ ಅಂದರೆ ಅಜ್ಜಿ. ಬಿಂದು ಅಜ್ಜಿಯ ಕಡೆ ತಿರುಗಿದಳು.

"ಅಜ್ಜಿ, ಅಜ್ಜಿ, ಚಕ್ಕುಲಿ ಕೊಡು. ನೀನು ಕೊಡಲ್ಲ, ಗುಂಡ ಸುಮ್ಮನಾಗಲ್ಲ, ಅಮ್ಮ ಎತ್ತಲ್ಲ, ಅಪ್ಪ ಕೂರಲ್ಲ, ಜಂಬಣ್ಣ ತಿರುಗಿಸಲ್ಲ, ನನ್ನ ಚಪ್ಪಲಿ ಸಿಗಲ್ಲ."

"ಹೇಗೆ ಕೊಡಲೇ ಚಿನ್ನ? ಡಬ್ಬಿ ಮೇಲೆ ನಿಮ್ಮಜ್ಜ ಕೂತಿದ್ದಾರೆ. ಅವರು ಜರುಗಲಿ, ಕೊಡ್ತೀನಿ."

ಚಪ್ಪಲಿ ತಾವರೆ ಎಲೆಯ ಹತ್ತಿರಕ್ಕೇ ಹೋಯಿತು. ಬಿಂದುವಿಗೆ ಅಳು ಬಂತು. ಅಳುತ್ತಲೇ ಅಜ್ಜನ ಕಡೆ ತಿರುಗಿದಳು.

"ಅಜ್ಜ, ಅಜ್ಜ, ಜರುಗು. ನೀನು ಜರುಗಲ್ಲ, ಅಜ್ಜಿ ಕೊಡಲ್ಲ, ಗುಂಡ ಸುಮ್ಮನಾಗಲ್ಲ, ಅಮ್ಮ ಎತ್ತಲ್ಲ, ಅಪ್ಪ ಕೂರಲ್ಲ, ಜಂಬಣ್ಣ ತಿರುಗಿಸಲ್ಲ, ನನ್ನ ಚಪ್ಪಲಿ ಸಿಗಲ್ಲ."

ಕಾಲು ಜೋಮು ಹಿಡಿದಿದೆ ಅಂದ ಅಜ್ಜ. ಸೊಂಟವೂ ಹಿಡಿದಿದೆ ಅಂದ. ಈ ಡಬ್ಬಿಯ ಮೇಲೆ ಗಾಳಿ ಚೆನ್ನಾಗಿದೆ ಅಂತಲೂ ಅಂದ. ಏನೇನೋ ಅಂದ.

ಬಿಂದು ಅಳು ನಿಲ್ಲಿಸಿ ನೋಡಿದಳು. ಅಜ್ಜ ಎರಡೂ ಕೈಯಲ್ಲಿ ಹರಿಗೋಲಿನ ಅಂಚು ಹಿಡಿದಿದ್ದ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದ. ಗಾಳಿ ಚೆನ್ನಾಗಿದೆ ಅನ್ನುವವರು ಹಾಗೆ ಕಣ್ಣು ಮುಚ್ಚುತ್ತಾರಾ? ನೀವೇ ಹೇಳಿ.

ಬಿಂದು ಕೂತಲ್ಲಿಂದಲೇ ಮೆಲ್ಲಗೆ ಸರಿದು ಹತ್ತಿರ ಬಂದಳು. ಅಜ್ಜನ ಕಿವಿಯಲ್ಲಿ ಹೇಳಿದಳು. "ಅಜ್ಜ, ನನ್ನ ಕೈ ಹಿಡ್ಕೋ. ನಾನು ಯಾರಿಗೂ ಹೇಳಲ್ಲ."

ಅಜ್ಜ ಒಂದು ಕೈ ಬಿಟ್ಟ. ಬಿಂದುವಿನ ಕೈ ಹಿಡಿದ. ಒಂದು ಕಣ್ಣು ತೆರೆದ.

ಮತ್ತೆ ಏನಾಯಿತು? ಅಜ್ಜ ಜರುಗಿದ. ಅಜ್ಜಿ ಚಕ್ಕುಲಿ ಕೊಟ್ಟಳು. ಗುಂಡ ಸುಮ್ಮನಾದ. ಅಮ್ಮ ಚೀಲ ಎತ್ತಿದಳು. ಅಪ್ಪ ಕೂತ, ಬಾಯಿ ಮುಚ್ಚಿಕೊಂಡೇ ಕೂತ. ಜಂಬಣ್ಣ ಹುಟ್ಟು ಹಾಕಿದ. ಹರಿಗೋಲು ಗಿರ್ರನೆ ತಿರುಗಿತು. ಚಪ್ಪಲಿಯ ಮೂಗು ಆಗಲೇ ಎಲೆಯ ಕೆಳಗೆ ಹೊಕ್ಕಿತ್ತು. ಜಂಬಣ್ಣ ಹುಟ್ಟಿನ ತುದಿಯಿಂದ ಅದನ್ನು ಈಚೆಗೆ ಎಳೆದ. ಚಪ್ಪಲಿ ಸಿಕ್ಕಿತು!

ದಡ ಬಂತು. ಎಲ್ಲರೂ ಇಳಿದರು. ಬಿಂದುವಿನ ಎರಡೂ ಕಾಲಲ್ಲಿ ಹಳದಿ ಚಪ್ಪಲಿ. ಒಂದು ಒಣಗಿದ್ದು, ಒಂದು ಪಚಪಚ ಅನ್ನುವುದು. ಅಜ್ಜ ಮಾತ್ರ ಅವಳ ಕೈ ಬಿಟ್ಟಿರಲಿಲ್ಲ.

"ಇಳಿದಾಯ್ತಲ್ಲ ಮಾವ, ಇನ್ನೂ ಯಾಕೆ ಕೈ ಹಿಡಿದಿದ್ದೀರಿ?" ಅಂದಳು ಅಮ್ಮ.

"ಮಗು ಹೆದರಿಕೊಂಡಿದೆ ನೋಡಮ್ಮ. ಅದಕ್ಕೇ ಹಿಡಿದಿದ್ದೀನಿ" ಅಂದ ಅಜ್ಜ.

ಬಿಂದು ಅಜ್ಜನ ಮುಖ ನೋಡಿದಳು. ಅಮ್ಮನ ಮುಖ ನೋಡಿದಳು.

"ಹೌದಮ್ಮ, ನನಗೆ ತುಂಬಾ ಹೆದರಿಕೆ" ಅಂದಳು. ಅಜ್ಜನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.