ಬಿಸಿಲಿನಲ್ಲೇ ಬರುವ ಹೊಳೆ

ಭೂಮಿ ಹುಟ್ಟಿ ಇನ್ನೂ ಬಹಳ ದಿನವಾಗಿರಲಿಲ್ಲ. ಆಗ ಮಳೆ, ಗುಡುಗು, ಗಾಳಿ ಎಲ್ಲರೂ ಮನುಷ್ಯರ ಜೊತೆ ಮಾತಾಡುತ್ತಿದ್ದರು.

ಮರಳುಗಾಡಿನ ನಡುವೆ ಒಂದು ಒಣಹಳ್ಳ. ಅದರ ತಗ್ಗಿನಲ್ಲಿ ಹಾಲವ್ವ ಎಂಬ ಹೆಂಗಸು, ಮಗಳು ಸಂಪಿಯ ಜೊತೆ ಗುಡಿಸಲು ಹಾಕಿಕೊಂಡು, ಆಡು ಸಾಕಿಕೊಂಡು ಇದ್ದಳು. ದಂಡೆಯ ಮೇಲೆ ಕಾಲಿಟ್ಟರೆ ಅಂಗಾಲು ಸುಡುತ್ತಿತ್ತು. ತಗ್ಗಿನಲ್ಲಾದರೆ ನೆರಳಿತ್ತು. ಮೊಳ ಅಗೆದರೆ ನೀರೂ ಇತ್ತು.

ವರ್ಷಕ್ಕೊಮ್ಮೆ, ಬೇಸಿಗೆ ಮುಗಿಯುವ ಹೊತ್ತಿಗೆ, ಮಳೆಯವ್ವ ಬರುತ್ತಿದ್ದಳು. ಅವಳಿಗಿಂತ ಮೊದಲು ಅವಳ ಅಣ್ಣ ಗುಡುಗಣ್ಣ ಬರುತ್ತಿದ್ದ. ಹಳ್ಳದ ನೆತ್ತಿಯ ಮೇಲೆ ನಿಂತು, "ಏಳಿ! ಮೇಲೆ ಹತ್ತಿ! ತಂಗಿ ಬರ್ತಿದ್ದಾಳೆ!" ಎಂದು ಕೂಗುತ್ತಿದ್ದ. ಒಂದು ಸಲ ಅಲ್ಲ, ಎರಡು ಸಲ ಅಲ್ಲ, ಮೂರು ದಿನ ಕೂಗುತ್ತಿದ್ದ. ಹಾಲವ್ವ ಮಗಳನ್ನೂ ಆಡುಗಳನ್ನೂ ದಂಡೆ ಹತ್ತಿಸುತ್ತಿದ್ದಳು. ಹೊಳೆ ಬಂದು ಹೋದ ಮೇಲೆ ಮತ್ತೆ ಇಳಿದು ಗುಡಿಸಲು ಕಟ್ಟುತ್ತಿದ್ದಳು.

ಒಂದು ವರ್ಷ ಆ ಕೂಗಿಗೆ ಗಬ್ಬದ ಆಡೊಂದು ಬೆದರಿ ಓಡಿ, ಬಂಡೆಯಿಂದ ಬಿದ್ದು ಸತ್ತಿತು. ಅದು ಸಂಪಿಯ ಮುದ್ದಿನ ಆಡು. ಹುಡುಗಿ ಎರಡು ದಿನ ತುತ್ತು ಮುಟ್ಟಲಿಲ್ಲ.

ಹಾಲವ್ವನಿಗೆ ಸಿಟ್ಟು ನೆತ್ತಿಗೇರಿತು.

"ನಿನ್ನ ಬಾಯಿಗೆ ಬೀಗ ಇಲ್ವಾ, ಗುಡುಗಣ್ಣ? ಹೋಗು ಇಲ್ಲಿಂದ!"

"ನಾನು ಹೇಳದಿದ್ದರೆ ನಿನಗೆ ಹೇಗೆ ಗೊತ್ತಾಗಬೇಕು, ಹಾಲವ್ವ?"

"ನಮಗೂ ಕಣ್ಣಿದೆ. ಆಕಾಶ ನೋಡಿಕೊಳ್ತೀವಿ. ಇನ್ನು ಈ ಹಳ್ಳದ ಮೇಲೆ ಬಂದರೆ ನನ್ನಾಣೆ!"

ಗುಡುಗಣ್ಣ ನೀಲಿ ಗೆರೆಯಂತೆ ಕಾಣುವ ದೂರದ ಬೆಟ್ಟಗಳಿಗೆ ಹೊರಟುಹೋದ. ಅಣ್ಣನಿಲ್ಲದ ಕಡೆ ತಂಗಿ ಇದ್ದಾಳೆಯೇ? ಮಳೆಯವ್ವನೂ ಮೋಡಗಳನ್ನು ಹೊಡೆದುಕೊಂಡು ಅವನ ಹಿಂದೆಯೇ ಹೋದಳು.

ಮರುವರ್ಷ ಬೇಸಿಗೆ ಮುಗಿಯುತ್ತಾ ಬಂತು. ತಾಯಿ ಮಗಳು ದಿನವೂ ಆಕಾಶ ನೋಡಿದರು. ಬೆಳಿಗ್ಗೆ ನೋಡಿದರು, ಮೋಡವಿಲ್ಲ. ಮಧ್ಯಾಹ್ನ ನೋಡಿದರು, ಮೋಡವಿಲ್ಲ. ಒರತೆ ತಳ ಕಂಡಿತ್ತು.

"ಇನ್ನೊಂದು ಮೊಳ ತೋಡು, ಸಂಪಿ. ನಾನು ಸೊಪ್ಪು ತರ್ತೀನಿ" ಎಂದು ಹಾಲವ್ವ ದಂಡೆ ಹತ್ತಿದಳು.

ಅದೇ ಹೊತ್ತಿನಲ್ಲಿ ದೂರದ ಬೆಟ್ಟಗಳ ಮೇಲೆ ಮಳೆ ಸುರಿಯುತ್ತಿತ್ತು. ಗುಡುಗಣ್ಣ ಗಂಟಲು ಹರಿಯುವಂತೆ ಕೂಗಿದ. ಇಲ್ಲಿಗೆ ಕೇಳಿಸಲಿಲ್ಲ. ಇಲ್ಲಿ ಸೂರ್ಯ ಉರಿಯುತ್ತಿದ್ದ, ಒಂದು ಹನಿಯೂ ಬೀಳಲಿಲ್ಲ. ಹಳ್ಳದ ತಿರುವಿನಲ್ಲಿ ಮಾತ್ರ ಬೆಟ್ಟದಿಂದ ಇಳಿದು ಬಂದ ಆಳೆತ್ತರದ ಕೆಂಪು ನೀರು, ಕಲ್ಲುಮುಳ್ಳು ಉರುಳಿಸಿಕೊಂಡು ನುಗ್ಗಿತು.

"ಸಂಪೀ! ಹತ್ತೇ! ಮೇಲೆ ಹತ್ತೇ!" ದಂಡೆಯಿಂದ ಹಾಲವ್ವ ಕೂಗಿದಳು.

ಸಂಪಿ ತಲೆಯೆತ್ತಿ ಮೊದಲು ಆಕಾಶ ನೋಡಿದಳು. ಅವ್ವ ಕಲಿಸಿದ್ದು ಅದನ್ನೇ. ಆಕಾಶ ತಿಳಿಯಾಗಿತ್ತು.

ಅಷ್ಟರಲ್ಲಿ ನೀರು ಬಂದಿತ್ತು.

ಸಂಜೆಯ ಹೊತ್ತಿಗೆ ಹಳ್ಳ ಬರಿದಾಯಿತು. ಕೆಸರು ಒಣಗಿ ಬಿರುಕು ಬಿಡುವವರೆಗೂ ಹಾಲವ್ವ ಹುಡುಕಿದಳು. ಮಗಳು ಸಿಗಲಿಲ್ಲ. ಆಮೇಲೆ ಏಳು ದಿನ ನಡೆದು ಬೆಟ್ಟ ಸೇರಿದಳು.

"ತಪ್ಪಾಯ್ತು ಗುಡುಗಣ್ಣ. ನನ್ನ ಮಗಳು ಹೋದಳು. ವಾಪಸ್ ಬಾರಪ್ಪ, ಬೇರೆಯವರ ಮಕ್ಕಳಾದರೂ ಉಳೀಲಿ."

ಗುಡುಗಣ್ಣ ಅತ್ತುಬಿಟ್ಟ. "ಆಣೆ ಇಟ್ಟಿದ್ದೀಯಲ್ಲ ತಾಯಿ. ಅದನ್ನು ಮೀರಿ ಒಂದು ಹೆಜ್ಜೆಯೂ ಇಡಲಾರೆ."

ಬಂಡೆಯ ಸಂದಿಯಲ್ಲಿ ಕುಳಿತಿದ್ದ ಗಾಳಿ ಇದನ್ನು ಕೇಳಿಸಿಕೊಂಡಿತು. "ನನಗೆ ಯಾರ ಆಣೆಯೂ ಇಲ್ಲ. ಅಣ್ಣನ ಹಾಗೆ ಕೂಗೋಕೆ ಬರಲ್ಲ. ಒದ್ದೆ ಮಣ್ಣಿನ ವಾಸನೆ ಹೊತ್ತುಕೊಂಡು ಓಡ್ತೀನಿ. ಆದರೆ ಕೆಲವು ದಿನ ನೀರೇ ನನಗಿಂತ ಮುಂದೆ ಹೋದೀತು, ಹಾಲವ್ವ."

"ಓಡು" ಎಂದಳು ಹಾಲವ್ವ. "ಆದಷ್ಟು ಓಡು."

ಅವಳು ಮತ್ತೆಂದೂ ತಗ್ಗಿಗೆ ಇಳಿಯಲಿಲ್ಲ. ಸುಡುವ ದಂಡೆಯ ಮೇಲೆಯೇ ಬದುಕು ಸವೆಸಿದಳು. ಕೆಳಗೆ ನೆರಳಿನಲ್ಲಿ ಯಾರಾದರೂ ಕುಳಿತರೆ ಕೂಗಿ ಕೂಗಿ ಎಬ್ಬಿಸುತ್ತಿದ್ದಳು. ಎಲ್ಲರೂ ಏಳುತ್ತಿರಲಿಲ್ಲ.

ಅದಕ್ಕೇ ಮಗು, ಮರಳುಗಾಡು ನೋಡಲು ಹೋದ ತಿಳಿದವರು ಬೇಸಿಗೆಯ ಕೊನೆಯಲ್ಲಿ ಒಣಹಳ್ಳದೊಳಗೆ ಬುತ್ತಿ ಬಿಚ್ಚುವುದಿಲ್ಲ. ಬಿರುಬಿಸಿಲಲ್ಲಿ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿ ಒದ್ದೆ ಮಣ್ಣು ಮೂಗಿಗೆ ಬಡಿದರೆ, ಇಂದಿಗೂ ಅವರು ಮಕ್ಕಳ ಕೈ ಹಿಡಿದು ದಂಡೆ ಹತ್ತಿಬಿಡುತ್ತಾರೆ.