ಬೆರಳಗಲ ಗೆರೆ

“ಎಕ್ಕಾ, ಬಿಳಿಗುಂಡಿಗೆ ಯಾವ ಕಡೆ ಹೋಗಬೇಕು?” ಜೋಳದ ಹೊಲದ ನಟ್ಟನಡುವೆ ನಿಂತು ನೀಲಗಂಗವ್ವ ಕೇಳಿದಳು. ತಲೆಯ ಮೇಲೆ ಬಣ್ಣದ ಡಬ್ಬಿಗಳು.

ಕಳೆ ಕೀಳುತ್ತಿದ್ದವಳು ನಕ್ಕಳು. “ದಾರಿ ಹಿಂದ ಉಳೀತು ಯವ್ವಾ! ಹಳ್ಳದ ಹತ್ರ ಹೊಳ್ಳಬೇಕಿತ್ತು. ಹೊಸಬರೆಲ್ಲ ಅಲ್ಲೇ ತಪ್ತಾರ.”

ನೀಲಗಂಗವ್ವ ಮುಂದೆ ನಡೆದಿದ್ದ ಮಗನ ಕಡೆ ತಿರುಗಿದಳು. “ಅಡಿವ್ಯಾ! ಹೊಲದಾಗ ಯಾಕ ಇಳದಿ?”

“ನೆಟ್ಟಗ ನಡಿ ಅಂದ್ಯಲ್ಲವ್ವಾ. ದಾರಿ ಹೊಳ್ಳಿತು, ನಾ ಹೊಳ್ಳಲಿಲ್ಲ!”

ಇಂಥ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಊರೂರು ತಿರುಗಿ ಗೋಡೆಗೆ ಅಕ್ಷರ ಬರೆದು ಬದುಕುವ ನೀಲಗಂಗವ್ವ ಎಷ್ಟೋ ನಮೂನೆಯ ಜನರನ್ನು ಕಂಡಿದ್ದಳು. ಇಂಥವನನ್ನು ಮಾತ್ರ ಹಡೆದೇ ಕಂಡದ್ದು.

ಬಿಳಿಗುಂಡಿಯ ದುಂಡವ್ವನ ಋಣ ಅವಳ ಮೇಲಿತ್ತು. ಹಿಂದೊಮ್ಮೆ ಜ್ವರ ಬಂದು ಬಿದ್ದಾಗ ಗಂಜಿ ಕುಡಿಸಿ ಉಳಿಸಿದವಳು ದುಂಡವ್ವ. “ನಿನ್ನ ಮಗಳ ಮದುವಿಗೆ ಗೋಡೆ ನಾನೇ ಬರೀತೀನಿ” ಎಂದು ಇವಳು ಮಾತು ಕೊಟ್ಟಿದ್ದಳು. ಗೋಡೆಯ ಮೇಲೆ ಹೆಣ್ಣು-ಗಂಡಿನ ಹೆಸರು ಗೆರೆಯಿಂದ ಕೂಡದೆ ತಾಳಿ ಕಟ್ಟುವುದಿಲ್ಲ. ಆ ಸೀಮೆಯ ಪದ್ಧತಿ ಅದು. ಮದುವೆ ನಾಳೆಯೇ.

ದಾರಿಯಲ್ಲೊಬ್ಬ ಗುಜರಿಯವನು ಕರೆದ. ಅವಳು “ಹಳೆ ಕಬ್ಬಿಣದ ಅಂಗಡಿ” ಎಂದು ಬರೆದು, “ನಡುವ ಒಂದು ಅಡ್ಡಗೆರೆ ಎಳಿಯೋ” ಎಂದು ಕೈ ತೊಳೆಯಲು ಹೋದಳು. ಅಡಿವ್ಯಾ ಹಗ್ಗ ಹಿಡಿದ, ಅಳೆದ, ನಡು ಹುಡುಕಿದ, ಎಳೆದ. ಹಳೆ ಕಬ್ಬಿ-ಣದ ಅಂಗಡಿ!

“ಅಯ್ಯಯ್ಯೋ, ನನ್ನ ಕಬ್ಬಿಣ ಮುರದಾನ! ನಿನ್ನೆ ತೆಗೆದ ಅಂಗಡಿಗೆ ಹಳೇದು ಅಂತ ಬ್ಯಾರೆ ಮಂದಿ ಓದಾಕತ್ಯಾರ!” ಗುಜರಿಯವನು ಬಾಯಿ ಬಡಿದುಕೊಂಡ.

“ಮಬ್ಬ!” ನೀಲಗಂಗವ್ವ ಮಗನನ್ನು ಗದರಿದಳು. “ಹಳೇದು ಅಂಗಡಿಯಲ್ಲ, ಕಬ್ಬಿಣ. ಗೆರೆ ಬೇಕಾದ್ದು ಆ ಎರಡರ ನಡುವ. ಯಾವುದು ಯಾವುದಕ್ಕ ಅಂಟಿಕೊಂಡೈತಿ ನೋಡು. ಅಂಟಿಕೊಂಡದ್ದನ್ನ ಗೆರೆ ಎಳದು ಕೂಡಿಸು!”

“ಹೂಂನವ್ವಾ.”

ಮುಂದೊಂದು ಚಹಾದ ಅಂಗಡಿ. “ಎಮ್ಮೆ-ಹಾಲಿನ ಚಹಾ” ಬರೆಯಬೇಕಿತ್ತು. ಅವಳು ಬಣ್ಣ ಕಲಸುವಷ್ಟರಲ್ಲಿ ಅಡಿವ್ಯಾ ಹಿತ್ತಲು ನೋಡಿದ. ಎಮ್ಮೆಗೆ ಕರು ಅಂಟಿಕೊಂಡು ನಿಂತಿತ್ತು. ಎಳೆದ! ಎಮ್ಮೆಯ ಪಕ್ಕೆಯಿಂದ ಕರುವಿನ ಬೆನ್ನತನಕ ಕೆಂಪು ಗೆರೆ. ಎಮ್ಮೆ ಒದೆಯಿತು. ಚಹಾದವನೂ ಒದೆಯಲು ಬಂದ.

“ಹುಚ್ಚ! ಮನಿಯವರನ್ನ ಕೇಳದ ಎಲ್ಲೂ ಗೆರೆ ಎಳೀಬ್ಯಾಡ!”

“ಹೂಂನವ್ವಾ. ಕೇಳೇ ಎಳೀತೀನಿ.”

ಅಂತೂ ಬಿಳಿಗುಂಡಿ ಮುಟ್ಟಿದರು. ಬೆಳಗ್ಗೆ ನೀಲಗಂಗವ್ವ “ಬಾಳವ್ವ ಈರಗೊಂಡರ ಮದುವೆ” ಎಂದು ಚೆಂದಾಗಿ ಬರೆದಳು. ಎರಡೂ ಹೆಸರು ಕೂಡಿಸುವ ಗೆರೆಯೊಂದು ಉಳಿಯಿತು. ಮದುಮಗಳಿಗೆ ಅರಿಶಿನ ಹಚ್ಚಲು ಅವಳನ್ನು ಒಳಗೆ ಎಳೆದೊಯ್ದರು.

ಅಡಿವ್ಯಾ ದುಂಡವ್ವನನ್ನು ಕೇಳಿದ. “ಚಿಗವ್ವಾ, ಗೆರೆ ಎಲ್ಲಿಂದ ಎಲ್ಲೀತನ?”

ಹೋಳಿಗೆ ಬೇಯಿಸುತ್ತಿದ್ದ ದುಂಡವ್ವ ತಲೆಯೆತ್ತಲಿಲ್ಲ. “ಈ ಮನಿಯಿಂದ ಆ ಮನೀತನ ಕೂಡಬೇಕಪ್ಪಾ. ನಡುವ ಎಲ್ಲೂ ಕಡೀಬಾರದು!”

ಎಳೆದ. ಬಾಳವ್ವನ ಹೆಸರಿನಿಂದ ಹೊರಟ ಗೆರೆ ಗೋಡೆ ಇಳಿಯಿತು, ಓಣಿ ದಾಟಿತು, ಹಳ್ಳ ಬಳಸಿತು, ಗುಡ್ಡ ಹತ್ತಿ ಈರಗೊಂಡನ ಊರಿನ ಕಡೆ ನಡೆಯಿತು.

ಮಧ್ಯಾಹ್ನ ಬೀಗರು ಬಂದರು. “ಹಳ್ಳದ ಹತ್ರ ದಾರಿ ತಪ್ಪಿದ್ವಿ” ಎಂದ ಗಂಡಿನ ಅಜ್ಜ. “ಕೆಂಪು ಗೆರಿ ಸಿಕ್ತು, ಹಿಡಕೊಂಡು ಬಂದ್ವಿ.” ಆಮೇಲೆ ಗೋಡೆ ನೋಡಿದ. ಅದೇ ಗೆರೆ ಬಾಳವ್ವನ ಹೆಸರಿನಿಂದ ಹೊರಟಿತ್ತು, ಈರಗೊಂಡನ ಹೆಸರಿಗೆ ಮುಟ್ಟಿರಲಿಲ್ಲ. ಮುಖ ಬಿಗಿಯಿತು. “ಎಳ್ಯಾಕ ಹತ್ತಿದ ಗೆರಿ ನಡುವ ನಿಲ್ಲಬಾರದು. ನಮ್ಮ ಬಾಗಿಲಿಗೆ ಮುಟ್ಟಿದ ಮ್ಯಾಲೇ ತಾಳಿ!”

ದುಂಡವ್ವನ ಕಣ್ಣಲ್ಲಿ ನೀರು. ನೀಲಗಂಗವ್ವ ಸೆರಗು ಕಟ್ಟಿ ಓಡಿದಳು. ಜನ್ಮದಲ್ಲಿ ಮೊದಲ ಸಲ ಯಾರನ್ನೂ ದಾರಿ ಕೇಳಲಿಲ್ಲ.

ಗಂಡಿನ ಮನೆಯ ಮುಂದೆ ಅಡಿವ್ಯಾ ಕುಂಚ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ. ಗೆರೆಗೂ ಬಾಗಿಲಿಗೂ ನಡುವೆ ಬೆರಳಗಲ ಜಾಗ.

“ಯಾಕಲೇ ಕುಂತಿ?”

“ಮನಿಯವರನ್ನ ಕೇಳದ ಎಳೀಬ್ಯಾಡ ಅಂದ್ಯಲ್ಲ. ಬೀಗ ಹಾಕ್ಯಾರ. ಬರ್ಲಿ ಅಂತ ಕುಂತೀನಿ.”

ಅವಳು ಕುಂಚ ಕಿತ್ತುಕೊಂಡಳು, ಡಬ್ಬಿಯ ತಳ ಕೆರೆದಳು, ಆ ಬೆರಳಗಲ ಗೆರೆ ತಾನೇ ಎಳೆದಳು. ದುಂಡವ್ವನ ಗಂಜಿಯ ಋಣ ಅಲ್ಲಿಗೆ ತೀರಿತು.

ಅಡಿವ್ಯಾ ಬಾಯಿ ಬಿಟ್ಟು ನೋಡಿದ. “ಎವ್ವಾ! ಕೇಳದನ ಎಳದ್ಯಲ್ಲ!”