ಸುಡೊಗೆ ಅಧಿಕಾರ ಸಿಕ್ಕ ಬಗೆ

“ಗುರುಗಳೇ, ಅಧಿಕಾರ ಸಾಲದೆ ಕಂಪ್ಯೂಟರಿನಲ್ಲಿ ಕೆಲಸ ನಿಂತರೆ, ಎಲ್ಲಕ್ಕೂ ಪೂರ್ತಿ ಅಧಿಕಾರ ಕೊಟ್ಟುಬಿಡುವುದರಲ್ಲಿ ತಪ್ಪೇನು?” ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಒಂದು ಬಂದರಿನಲ್ಲಿ ಫಿಲೋಮಿನಾ ಎಂಬ ತಂತ್ರಜ್ಞೆ ಇದ್ದಳು. ದೋಣಿಗಳಿಗೆ ಬಿರುಗಾಳಿಯ ಎಚ್ಚರಿಕೆ ಕೊಡುವ ಪುಟ್ಟ ಕಂಪ್ಯೂಟರುಗಳನ್ನು ಸಜ್ಜುಗೊಳಿಸುವುದು ಅವಳ ಕೆಲಸ. ಅವುಗಳ ಪ್ರೊಸೆಸರ್ ಬೇರೆ ಬಗೆಯದು. ಆದ್ದರಿಂದ ಅವುಗಳ ತಂತ್ರಾಂಶವನ್ನು ಲಿನಕ್ಸ್ ಕಾರ್ಯವ್ಯವಸ್ಥೆಯ ತನ್ನ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಮೂಲಕ ನಡೆಸಿ ನೋಡುತ್ತಿದ್ದಳು. ಆ ಪ್ರೊಸೆಸರಿನ ಭಾಷೆಯನ್ನು ಈ ಪ್ರೊಸೆಸರಿಗೆ ತಿಳಿಯುವಂತೆ ಮಾಡುವುದೇ ಎಮ್ಯುಲೇಟರ್.

ದೋಣಿಗಳು ಕಡಲಿಗಿಳಿಯುವ ಹಿಂದಿನ ದಿನ, ಎಮ್ಯುಲೇಟರಿನಲ್ಲಿ ನಡೆಸುತ್ತಿದ್ದ ಆ ತಂತ್ರಾಂಶದ ಸುಡೊ ಕೈಕೊಟ್ಟಿತು. ಸಾಮಾನ್ಯ ಬಳಕೆದಾರನಿಗೆ ಆ ಹೊತ್ತಿನ ಮಟ್ಟಿಗೆ ಯಜಮಾನನ ಅಧಿಕಾರ ಕೊಡಿಸುವ ಸಾಧನ ಅದು. ಈಗ ತನಗೇ ಆ ಅಧಿಕಾರವಿಲ್ಲವೆಂದು ಹೇಳಿ ನಿಂತಿತು. ಪರೀಕ್ಷೆಯೂ ಅಲ್ಲಿಗೇ ನಿಂತಿತು. ಫಿಲೋಮಿನಾ ಅದನ್ನು ತೆಗೆದು ಮತ್ತೆ ಹಾಕಿದಳು. ಪ್ರಯೋಜನವಾಗಲಿಲ್ಲ. ಅದೇ ಪ್ರತಿಯನ್ನು ಪುಟ್ಟ ಕಂಪ್ಯೂಟರಿಗೆ ಹಾಕಿದಳು. ಅಲ್ಲಿ ತಕರಾರಿಲ್ಲದೆ ನಡೆಯಿತು.

ಜೊತೆಗಾರ ನಜೀರ್ ಹೇಳಿದನು: “ಎಮ್ಯುಲೇಟರಿಗೇ ಯಜಮಾನನ ಅಧಿಕಾರ ಕೊಟ್ಟುಬಿಡಿ, ಮೇಡಂ. ದೋಣಿಯವರು ಕಾಯುತ್ತಿದ್ದಾರೆ.”

“ಆಮೇಲೆ ಅದರ ಮೂಲಕ ನಡೆಯುವುದೆಲ್ಲ ಯಜಮಾನನಾಗುತ್ತದೆ, ನಜೀರ್. ಸ್ವಲ್ಪ ತಾಳು.”

ಅವಳಿಗೂ ಹೆದರಿಕೆಯಿತ್ತು. ಕೆಲಸ ಮುಗಿಯದಿದ್ದರೆ ದೋಣಿಗಳು ಎಚ್ಚರಿಕೆಯ ಸಾಧನವಿಲ್ಲದೆಯೇ ಹೊರಡುತ್ತಿದ್ದವು. ಆದರೂ ಕೂತು ಯೋಚಿಸಿದಳು. ಸುಡೊ ಅಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಹಾಗಾದರೆ ದೋಷ ಸುಡೊದಲ್ಲಿಲ್ಲ. ತಾನು ಸುಡೊವನ್ನು ಕರೆದಾಗ ಲಿನಕ್ಸ್ ಮೊದಲು ನಡೆಸುವುದು ಎಮ್ಯುಲೇಟರನ್ನು. ಲಿನಕ್ಸ್ ಎಮ್ಯುಲೇಟರಿನ ಅಧಿಕಾರವನ್ನಷ್ಟೇ ನೋಡಿತ್ತು. ಸುಡೊ ಕಡತದ ಮೇಲಿದ್ದ ಅಧಿಕಾರದ ಗುರುತನ್ನು ನೋಡಿಯೇ ಇರಲಿಲ್ಲ.

ಎಮ್ಯುಲೇಟರನ್ನು ಲಿನಕ್ಸಿನಲ್ಲಿ ನೋಂದಾಯಿಸುವಾಗ, ನಡೆಯಬೇಕಾದ ತಂತ್ರಾಂಶದ ಅಧಿಕಾರವನ್ನೇ ನೋಡು ಎಂದು ಹೇಳುವ ಒಂದು ಅಕ್ಷರದ ಸೂಚನೆಯುಂಟು. ಅದು ಬಿಟ್ಟುಹೋಗಿತ್ತು. ಅವಳು ಅದನ್ನು ಸೇರಿಸಿ ಮತ್ತೆ ನೋಂದಾಯಿಸಿದಳು. ಸುಡೊ ನಡೆಯಿತು. ಉಳಿದ ತಂತ್ರಾಂಶಗಳು ತಮ್ಮ ಮಿತಿಯಲ್ಲೇ ಉಳಿದವು.

ಸಂಜೆಯೊಳಗೆ ಎಲ್ಲ ದೋಣಿಗಳಿಗೂ ಸಾಧನ ತಲುಪಿತು. ನಜೀರ್ ಚಹಾ ತಂದನು. ಇಬ್ಬರೂ ದೋಣಿ ನಿಲ್ಲುವ ದಕ್ಕೆಯ ಕಟ್ಟೆಯ ಮೇಲೆ ಕೂತು, ನಗುತ್ತಾ ಕುಡಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ನಜೀರ್ ಹೇಳಿದಂತೆ ಮಾಡಿದ್ದರೂ ಸುಡೊ ನಡೆಯುತ್ತಿತ್ತಲ್ಲವೇ, ಗುರುಗಳೇ?”

“ನಡೆಯುತ್ತಿತ್ತು. ಆದರೆ ಯಾವ ಯಾವುದಕ್ಕೆ ಅಧಿಕಾರ ಕೊಟ್ಟೆ ಎಂದು ಯಾರಾದರೂ ಕೇಳಿದ್ದರೆ, ಎಮ್ಯುಲೇಟರಿನ ಮೂಲಕ ನಡೆಯುವ ಎಲ್ಲಕ್ಕೂ ಎಂದು ಅವಳು ಒಪ್ಪಿಕೊಳ್ಳಬೇಕಾಗುತ್ತಿತ್ತು.”